ಬೇಗಂಪೇಟೆಯ ಸೊಳ್ಳೆ, ಮೈಸೂರಿನ ಮೊಟ್ಟೆ

ಹೈದರಾಬಾದಿಗೆ ಬಂದು ನೆಲೆಸಿ ಮೂವತ್ತು ವರ್ಷ ದಾಟಿತು. ಊರಿಂದ ಬಂದ ನೆಂಟರಿಗೆಲ್ಲ ಚಾರ್‌ಮಿನಾರು, ಗೋಲ್ಕೊಂಡ, ಸಾಲಾರ್‌ಜಂಗ್ ಮ್ಯೂಸಿಯಂ ತೋರಿಸಿ ತೋರಿಸಿ ನನಗೇ ಬಾಯಿಪಾಠ ಆಗಿಬಿಟ್ಟಿದೆ. ಆದರೆ ಬೇಗಂಪೇಟೆಯ ಹಳೇ ಏರ್‌ಪೋರ್ಟ್ ಹತ್ತಿರ ಇರುವ ಒಂದು ಕಟ್ಟಡವನ್ನು ಯಾರಿಗೂ ತೋರಿಸಿಲ್ಲ. ನಾನೇ ಅದನ್ನು ನೋಡಿದ್ದು ಈ ಊರಿಗೆ ಬಂದು ಹದಿನೈದು ವರ್ಷ ಆದಮೇಲೆ. ಒಂದು ಭಾನುವಾರ ಹುಡುಕಿಕೊಂಡು ಹೋದೆ. ಗೇಟಿಗೆ ಬೀಗ. ವಾಚ್‌ಮನ್ ನನ್ನನ್ನು ಮೇಲಿಂದ ಕೆಳಗೆ ನೋಡಿ, "ದೋಮಲ ಬಿಲ್ಡಿಂಗಾ ಸಾರ್? ಈರೋಜು ಸೆಲವು" ಅಂದ. ತೆಲುಗಿನಲ್ಲಿ ದೋಮ ಅಂದರೆ ಸೊಳ್ಳೆ. ಸೊಳ್ಳೆಗಳ ಬಿಲ್ಡಿಂಗು! ಇದಕ್ಕಿಂತ ಸರಿಯಾದ ಹೆಸರು ಯಾರೂ ಇಡಲಾರರು ಅನ್ನಿಸಿತು.

1897ರ ಆಗಸ್ಟ್ 20ರಂದು, ಅಂದರೆ ಈಗ ಲೋಕವೆಲ್ಲ ಸೊಳ್ಳೆ ದಿನ ಅಂತ ಆಚರಿಸುವ ದಿನ, ರೊನಾಲ್ಡ್ ರಾಸ್ ಎಂಬ ಮಿಲಿಟರಿ ಡಾಕ್ಟರು ಇಲ್ಲಿ ಒಂದು ಸೊಳ್ಳೆಯ ಹೊಟ್ಟೆ ಸೀಳಿ ಮಲೇರಿಯಾದ ಜಾಡು ಹಿಡಿದರು. 1902ರಲ್ಲಿ ಅವರಿಗೆ ನೊಬೆಲ್ ಬಂತು. ಇಷ್ಟು ಎಲ್ಲರಿಗೂ ಗೊತ್ತಿರುವ ಕಥೆ. ನಾನು ಹೇಳಹೊರಟಿರುವುದು ಆ ಕಥೆಯಲ್ಲ, ಆ ಸೊಳ್ಳೆಯದು. ಒಂದು ಜೀವಿ ಎರಡಾಗುವುದು ಹೇಗೆ, ಎರಡಾಗಿದೆ ಅಂತ ನಮಗೆ ತಿಳಿಯುವುದು ಹೇಗೆ ಎನ್ನುವ ಪ್ರಶ್ನೆ ಈ ಹಾಳು ಸೊಳ್ಳೆಯ ಹಿಂದೆ ಹೋದಷ್ಟೂ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ನಾನು ಬಿ.ಕಾಂ. ಓದಿ ಬ್ಯಾಂಕಿಗೆ ಸೇರಿದವನು. ಜೀವಶಾಸ್ತ್ರ ಬಿಟ್ಟಿದ್ದು ಹತ್ತನೇ ಕ್ಲಾಸಿಗೆ. ಆದರೂ ಈ ವಿಷಯ ನನ್ನನ್ನು ಯಾಕೆ ಹಿಡಿದುಕೊಂಡಿತು ಅನ್ನುವುದನ್ನು ಮುಂದೆ ಹೇಳುತ್ತೇನೆ.

ಅಂದ ಹಾಗೆ, ರಾಸ್‌ಗೂ ಸೊಳ್ಳೆಗೂ ಗಂಟು ಬಿದ್ದಿದ್ದು ಹೈದರಾಬಾದಿನಲ್ಲಲ್ಲ, ನಮ್ಮ ಬೆಂಗಳೂರಿನಲ್ಲಿ. 1883ರಲ್ಲಿ ಅವರು ಬೆಂಗಳೂರು ದಂಡಿನಲ್ಲಿ ಡಾಕ್ಟರಾಗಿದ್ದರು. ಬಂಗಲೆ ತುಂಬಾ ಸೊಳ್ಳೆ. ನೋಡಿದರೆ ಕಿಟಕಿಯ ಹತ್ತಿರ ಇಟ್ಟಿದ್ದ ನೀರಿನ ತೊಟ್ಟಿಯಲ್ಲೇ ಮರಿಗಳು ಮಿಜಿಮಿಜಿ ಅನ್ನುತ್ತಿವೆ. ತೊಟ್ಟಿ ಬಗ್ಗಿಸಿದರು, ಸೊಳ್ಳೆ ಕಮ್ಮಿಯಾಯಿತು. ಬೇರೆ ಕಡೆಯೂ ಹೀಗೇ ಮಾಡಿಸೋಣ ಅಂದರೆ ಮೇಲಿನ ಅಧಿಕಾರಿ ಒಪ್ಪಲಿಲ್ಲ. (ಸರ್ಕ್ಯುಲರ್ ಬಾರದೆ ಯಾರೂ ಏನೂ ಮಾಡುವುದಿಲ್ಲ, ಅಂದೂ ಅಷ್ಟೆ ಇಂದೂ ಅಷ್ಟೆ.) ಈ ನೀರಿನ ತೊಟ್ಟಿಯನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

1895ರಲ್ಲಿ ರಾಸ್ ಸಿಕಂದರಾಬಾದಿಗೆ ಬಂದರು. ಮಲೇರಿಯಾದ ಜೀವಾಣು ಸೊಳ್ಳೆಯ ಮೈಯೊಳಗೆ ಬೆಳೆಯುತ್ತದೆ ಅನ್ನುವ ಊಹೆಯನ್ನು ಲಂಡನ್ನಿನ ಡಾಕ್ಟರ್ ಮ್ಯಾನ್ಸನ್ ತಲೆಗೆ ತುಂಬಿ ಕಳಿಸಿದ್ದರು. ರೋಗಿಗಳನ್ನು ಸೊಳ್ಳೆಯಿಂದ ಕಚ್ಚಿಸುವುದು, ಆ ಸೊಳ್ಳೆಗಳನ್ನು ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡುವುದು, ಇದೇ ಕೆಲಸ. ಎರಡು ವರ್ಷ ಏನೂ ಸಿಗಲಿಲ್ಲ. ಯಾಕೆಂದರೆ ಅವರು ನೋಡುತ್ತಿದ್ದುದು ತಪ್ಪು ಸೊಳ್ಳೆಯನ್ನು. ಸೊಳ್ಳೆಗಳ ವರ್ಗೀಕರಣದ ಪುಸ್ತಕ ಅವರ ಬಳಿ ಇರಲಿಲ್ಲ. ತಾವೇ ಹೆಸರಿಟ್ಟುಕೊಂಡಿದ್ದರು: ಪಟ್ಟೆ ಸೊಳ್ಳೆ, ಬೂದು ಸೊಳ್ಳೆ, ಚುಕ್ಕೆ ರೆಕ್ಕೆಯ ಸೊಳ್ಳೆ. ಮೊದಲಿನೆರಡು, ಈಗ ನಾವು ಈಡಿಸ್, ಕ್ಯೂಲೆಕ್ಸ್ ಅನ್ನುವಂಥವು, ಸುಲಭವಾಗಿ ಸಿಗುತ್ತಿದ್ದವು. ಎರಡು ವರ್ಷದ ದುಡಿಮೆ ಅವುಗಳ ಹೊಟ್ಟೆಯಲ್ಲೇ ಕಳೆಯಿತು. 1897ರ ಆಗಸ್ಟಿನಲ್ಲಿ ಚುಕ್ಕೆ ರೆಕ್ಕೆಯವು ಕೆಲವು ಸಿಕ್ಕವು. ಹುಸೇನ್ ಖಾನ್ ಎಂಬ ರೋಗಿಯನ್ನು ಅವು ಕಚ್ಚಿದವು. ಒಂದು ಸೊಳ್ಳೆಗೆ ಒಂದಾಣೆಯಂತೆ ಅವನಿಗೆ ಕೂಲಿ. ನಾಲ್ಕು ದಿನ ಕಳೆದು ಸೀಳಿ ನೋಡಿದಾಗ ಜಠರದ ಗೋಡೆಯಲ್ಲಿ ದುಂಡನೆಯ ಕೋಶಗಳು, ಅವುಗಳೊಳಗೆ ಮಲೇರಿಯಾ ರಕ್ತದಲ್ಲಿ ಕಾಣುವಂಥದೇ ಕಪ್ಪು ಕಣಗಳು. ಚುಕ್ಕೆ ರೆಕ್ಕೆಯ ಆ ಸೊಳ್ಳೆ ಅನಾಫಿಲಿಸ್ ಸ್ಟೀಫೆನ್ಸಿ ಇರಬೇಕು ಅನ್ನುವುದು ಈಗಿನ ತಜ್ಞರಲ್ಲಿ ಹೆಚ್ಚಿನವರ ಅಭಿಪ್ರಾಯ. ಆ ಹೆಸರು ಹುಟ್ಟಿದ್ದೇ ನಾಲ್ಕು ವರ್ಷ ಆದಮೇಲೆ, 1901ರಲ್ಲಿ, ಲಿಸ್ಟನ್ ಎಂಬುವರು ಅದನ್ನು ವಿವರಿಸಿದಾಗ.

ಅಂದರೆ ಯಾವ ಪ್ರಭೇದ ಅನ್ನುವುದು ಪುಸ್ತಕದ ಹುಳುಗಳ ಚರ್ಚೆಯಲ್ಲ. ಎರಡು ವರ್ಷ ನುಂಗುವ ಪ್ರಶ್ನೆ. ಎರಡು ವರ್ಷ ಏನು, ಊರಿಗೆ ಊರನ್ನೇ ನುಂಗುವಂಥದು.

ನಮ್ಮೂರು ಮಂಡ್ಯದ ಕಡೆ, ನಾಲೆ ಬದಿಯ ಹಳ್ಳಿ. ಕನ್ನಂಬಾಡಿ ಕಟ್ಟೆಯಾಗಿ, ಇರ್ವಿನ್ ನಾಲೆ (ಈಗಿನ ವಿಶ್ವೇಶ್ವರಯ್ಯ ನಾಲೆ) ಬಂದು, ರಾಗಿ ಹೊಲ ಗದ್ದೆಯಾದ ಕಥೆಯನ್ನು ನಮ್ಮಜ್ಜಿ ಹೇಳುತ್ತಿದ್ದಳು. ಭತ್ತ ಬಂತು, ಕಬ್ಬು ಬಂತು. ಜೊತೆಗೇ ಚಳಿಜ್ವರವೂ ಬಂತು. "ನೀರು ಬಂದ್ ವರ್ಸವೇ ಜರ ಬಂತು ಕಣ್ ಮಗ" ಅನ್ನೋಳು. ಅವಳ ಹೊಟ್ಟೆಯ ಎಡಗಡೆ ಗಟ್ಟಿಯಾಗಿ ಒಂದು ಉಬ್ಬು. ಜ್ವರಗೆಡ್ಡೆ ಅನ್ನುತ್ತಿದ್ದರು. ಮಲೇರಿಯಾ ಮತ್ತೆ ಮತ್ತೆ ಬಂದು ಗುಲ್ಮ ಊದಿಕೊಂಡದ್ದು ಅದು ಅಂತ ನನಗೆ ತಿಳಿದದ್ದು ಅವಳು ಸತ್ತು ಎಷ್ಟೋ ವರ್ಷದ ಮೇಲೆ. ಅವಳಿಗೆ ಆರು ಮಕ್ಕಳು ಹುಟ್ಟಿ ಉಳಿದದ್ದು ಮೂರು. ಇಬ್ಬರನ್ನು ಈ ಜ್ವರವೇ ತೆಗೆದುಕೊಂಡು ಹೋಯಿತಂತೆ. ನಾನು ಚಿಕ್ಕವನಿದ್ದಾಗ "ಮಲೇರಿಯಾದೋರು" ಬಂದು ಗೋಡೆಗೆಲ್ಲ ಡಿಡಿಟಿ ಹೊಡೆದು, ಬಾಗಿಲ ಹಿಂದೆ ತಾರೀಖು ಬರೆದು ಹೋಗುತ್ತಿದ್ದರು. ಬೆರಳು ಚುಚ್ಚಿ ಗಾಜಿನ ಚೂರಿನ ಮೇಲೆ ರಕ್ತ ತೆಗೆಯುತ್ತಿದ್ದರು. ನಾವು ಹುಡುಗರು ಅಟ್ಟದ ಮೇಲೆ ಅಡಗುತ್ತಿದ್ದೆವು.

ಸ್ವಾತಂತ್ರ್ಯ ಬಂದ ವರ್ಷ ದೇಶದಲ್ಲಿ ಏಳೂವರೆ ಕೋಟಿ ಜನಕ್ಕೆ ಮಲೇರಿಯಾ ಇತ್ತು, ಎಂಟು ಲಕ್ಷ ಜನ ಸಾಯುತ್ತಿದ್ದರು ಎನ್ನುವುದು ಸರ್ಕಾರದ ಅಂದಾಜು. 1953ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಶುರುವಾಗಿ, ಡಿಡಿಟಿ ಹೊಡೆದು ಹೊಡೆದು, 1965ರ ಹೊತ್ತಿಗೆ ಅದು ಒಂದು ಲಕ್ಷಕ್ಕೆ ಇಳಿಯಿತು. ಮುಗಿಯಿತು ಅಂದುಕೊಂಡರು. 1976ರಲ್ಲಿ ಮತ್ತೆ ಅರವತ್ತನಾಲ್ಕು ಲಕ್ಷಕ್ಕೆ ಏರಿತು. ಔಷಧಕ್ಕೆ ಸೊಳ್ಳೆ ಬಗ್ಗದೆ ಹೋದದ್ದು ಒಂದು ಕಾರಣ, ಉಸ್ತುವಾರಿ ಸಡಿಲವಾದದ್ದು ಇನ್ನೊಂದು. ಜೊತೆಗೆ ಇನ್ನೊಂದು ಗೊಂದಲವೂ ಇತ್ತು. ಹಳ್ಳಿಯ ಮಲೇರಿಯಾಕ್ಕೆ ಮುಖ್ಯ ಕಾರಣ ಅನಾಫಿಲಿಸ್ ಕ್ಯುಲಿಸಿಫೇಸಿಸ್ ಎಂಬ ಸೊಳ್ಳೆ. ನಾಲೆ, ಗದ್ದೆ, ಮಳೆಗುಂಡಿಯಲ್ಲಿ ಹುಟ್ಟುವಂಥದು. ವಿಚಿತ್ರ ಅಂದರೆ ಒಂದು ಊರಿನಲ್ಲಿ ಈ ಸೊಳ್ಳೆ ರಾಶಿ ರಾಶಿ, ಮಲೇರಿಯಾ ಇಲ್ಲ. ಇನ್ನೊಂದು ಊರಿನಲ್ಲಿ ಸೊಳ್ಳೆ ಅಷ್ಟೇ, ಮನೆಮನೆಗೂ ಜ್ವರ. ಯಾಕೆ?

ಇದೇ ಒಗಟು ಯೂರೋಪಿನವರನ್ನು ಮೊದಲೇ ಕಾಡಿತ್ತು. ಅಲ್ಲಿಯ ಮಲೇರಿಯಾ ಸೊಳ್ಳೆಗೆ ಮ್ಯಾಕುಲಿಪೆನ್ನಿಸ್ ಅಂತ ಹೆಸರು. ಸೊಳ್ಳೆ ಇದ್ದಲ್ಲೆಲ್ಲ ಜ್ವರ ಇರಲಿಲ್ಲ. ತಲೆ ಕೆಡಿಸಿಕೊಂಡ ಪಂಡಿತರು ಬಹಳ ಜನ. ಗಂಟು ಬಿಚ್ಚುವ ದಾರ ಸಿಕ್ಕಿದ್ದು ಮಾತ್ರ ಇಟಲಿಯ ಫಲೆರೋನಿ ಎಂಬ ಒಬ್ಬ ಆರೋಗ್ಯ ಇನ್‌ಸ್ಪೆಕ್ಟರಿಗೆ. ದೊಡ್ಡ ಪ್ರೊಫೆಸರಲ್ಲ, ನಮ್ಮಂಥ ನೌಕರ. 1920ರ ದಶಕದಲ್ಲಿ ಆತ ಸೊಳ್ಳೆಗಳನ್ನು ಬೇರೆ ಬೇರೆ ಇಟ್ಟು ಮೊಟ್ಟೆ ಇಡಿಸಿದ. ಸೊಳ್ಳೆಗಳೆಲ್ಲ ಒಂದೇ ಥರ, ಮೊಟ್ಟೆಗಳ ಮೇಲಿನ ಚಿತ್ತಾರ ಮಾತ್ರ ಬೇರೆ ಬೇರೆ! ಒಂದು ತಾಯಿ ಸೊಳ್ಳೆ ಯಾವಾಗಲೂ ಒಂದೇ ಚಿತ್ತಾರದ ಮೊಟ್ಟೆ ಇಡುತ್ತಿತ್ತು. 1930ರ ದಶಕದಲ್ಲಿ ಹ್ಯಾಕೆಟ್, ಮಿಸ್ಸಿರೋಲಿ ಮುಂತಾದವರು ಇದನ್ನು ನಕ್ಷೆಯ ಮೇಲಿಟ್ಟು ನೋಡಿದಾಗ ಜ್ವರದ ಊರುಗಳಿಗೂ ಕೆಲವು ಬಗೆಯ ಮೊಟ್ಟೆಗಳಿಗೂ ತಾಳೆಯಾಯಿತು. ಒಂದು ಸೊಳ್ಳೆ ಅಂದುಕೊಂಡದ್ದು ಹಲವು ಸೊಳ್ಳೆ. ಒಬ್ಬರದು ಅಂದುಕೊಂಡ ಖಾತೆಯಲ್ಲಿ ಐದಾರು ಜನ ವ್ಯವಹಾರ ಮಾಡುತ್ತಿದ್ದ ಹಾಗೆ, ಎಲ್ಲರ ಸಹಿಯೂ ಒಂದೇ.

ಈಗ ನಮ್ಮ ಮೈಸೂರಿಗೆ ಬನ್ನಿ. ಆ ಕಾಲದಲ್ಲಿ ಅಮೆರಿಕದ ರಾಕ್‌ಫೆಲ್ಲರ್ ಫೌಂಡೇಶನ್ ಮೈಸೂರು ಸಂಸ್ಥಾನದ ಆರೋಗ್ಯ ಇಲಾಖೆಯ ಜೊತೆ ಮಲೇರಿಯಾ ಕೆಲಸ ಮಾಡುತ್ತಿತ್ತು. ಅದರ ಡಬ್ಲ್ಯು.ಸಿ. ಸ್ವೀಟ್ ಮತ್ತು ನಮ್ಮವರೇ ಆದ ಬಿ.ಎ. ರಾವ್ ಇಬ್ಬರೂ ಸೇರಿ ಸ್ಟೀಫೆನ್ಸಿಯ, ಅದೇ ರಾಸ್‌ರ ಚುಕ್ಕೆ ರೆಕ್ಕೆಯ ಸೊಳ್ಳೆಯ, ಮೊಟ್ಟೆ ಎಣಿಸಲು ಕೂತರು. ಅನಾಫಿಲಿಸ್ ಮೊಟ್ಟೆ ಅರ್ಧ ಮಿಲಿಮೀಟರ್ ಉದ್ದದ ಪುಟ್ಟ ದೋಣಿ. ಮುಳುಗದಂತೆ ಅದರ ಎರಡು ಪಕ್ಕದಲ್ಲೂ ಗಾಳಿ ತುಂಬಿದ ತೇಲುಪಟ್ಟಿ. ಆ ಪಟ್ಟಿಯ ಮೇಲೆ ಅಡ್ಡ ಏಣುಗಳು. ಅವನ್ನು ಎಣಿಸಿದರೆ ಸ್ಟೀಫೆನ್ಸಿಯಲ್ಲಿ ಎರಡು ಬಗೆ: ಏಣು ಜಾಸ್ತಿ ಇರುವ, ಉದ್ದ ಮೊಟ್ಟೆಯದು ಒಂದು. ಏಣು ಕಡಿಮೆ ಇರುವುದು ಇನ್ನೊಂದು. ಎರಡನೆಯದಕ್ಕೆ 1937ರಲ್ಲಿ ಇಂಡಿಯನ್ ಮೆಡಿಕಲ್ ಗೆಜೆಟ್‌ನಲ್ಲಿ ಅವರು ಕೊಟ್ಟ ಹೆಸರು "ಮೈಸೂರೆನ್ಸಿಸ್". ಮೈಸೂರಿನ ಹೆಸರಲ್ಲಿ ಪಾಕ ಇದೆ, ಮಲ್ಲಿಗೆ ಇದೆ, ರೇಷ್ಮೆ ಇದೆ, ಗಂಧ ಇದೆ. ಒಂದು ಸೊಳ್ಳೆಯೂ ಇದೆ ಅಂತ ನನಗಂತೂ ಗೊತ್ತಿರಲಿಲ್ಲ!

ಐವತ್ತು ವರ್ಷ ಕಳೆದು, 1987ರಲ್ಲಿ, ದೆಹಲಿಯ ಮಲೇರಿಯಾ ಸಂಶೋಧನಾ ಕೇಂದ್ರದ ಸರಳಾ ಸುಬ್ಬರಾವ್ ಮತ್ತು ಜೊತೆಗಾರರು ಮತ್ತೆ ಏಣು ಎಣಿಸಿದರು. ಮೂಲ ಬಗೆಗೆ 14ರಿಂದ 22 ಏಣು, ಮೈಸೂರೆನ್ಸಿಸ್‌ಗೆ 9ರಿಂದ 15, ನಡುವಿನದೊಂದು ಸಿಕ್ಕಿತು, ಅದಕ್ಕೆ 12ರಿಂದ 17. ಮುಖ್ಯವಾದ ಸಂಗತಿ ಏನೆಂದರೆ, ಮೂಲ ಬಗೆ ಪೇಟೆಯಲ್ಲಿ, ಮೈಸೂರೆನ್ಸಿಸ್ ಹಳ್ಳಿಯಲ್ಲಿ. ಪೇಟೆಯದು ಬಾವಿ, ತೊಟ್ಟಿ, ಟ್ಯಾಂಕಿನಲ್ಲಿ ಹುಟ್ಟಿ ಮನುಷ್ಯನ ಸಂಗಡ ಬದುಕುವಂಥದು. ನಮ್ಮ ದೇಶದ ಹಳ್ಳಿಯದು ದನದ ಕೊಟ್ಟಿಗೆಯದು, ಮಲೇರಿಯಾ ಹರಡುವುದರಲ್ಲಿ ಹಿಂದೆ.

ಹಾಗಾದರೆ ಇವೆರಡು ಬೇರೆ ಪ್ರಭೇದವೋ? ಅಲ್ಲ, ಇನ್ನೂ ಅಲ್ಲ. ಒಂದೇ ಪಂಜರದಲ್ಲಿ ಬಿಟ್ಟರೆ ಕೂಡುತ್ತವೆ, 1970ರ ಪ್ರಯೋಗಗಳಲ್ಲಿ ಹುಟ್ಟಿದ ಮರಿಗಳಿಗೂ ಮರಿಗಳಾದವು. ಪ್ರಭೇದ ಅಂದರೆ ಏನು ಅನ್ನುವುದಕ್ಕೆ 1942ರಲ್ಲಿ ಅರ್ನ್ಸ್ಟ್ ಮೇಯ್ರ್ ಕೊಟ್ಟ ಅಳತೆಗೋಲು ಸರಳ: ಕಾಡಿನಲ್ಲಿ, ತಮ್ಮ ಪಾಡಿಗೆ ತಾವಿದ್ದಾಗ, ಒಂದರೊಡನೊಂದು ಕೂಡಿ ಸಂತಾನ ಮುಂದುವರಿಸುವವು ಒಂದು ಪ್ರಭೇದ. ರೂಪ, ಬಣ್ಣ ಮುಖ್ಯವಲ್ಲ, ಸಂಬಂಧ ಮುಖ್ಯ.

ಈ ಅಳತೆಗೋಲನ್ನು ಅಜ್ಜಿಯ ನಾಲೆಯ ಸೊಳ್ಳೆ ಕ್ಯುಲಿಸಿಫೇಸಿಸ್‌ಗೆ ಹಿಡಿದದ್ದು 1980ರಲ್ಲಿ, ಗ್ರೀನ್ ಮತ್ತು ಮೈಲ್ಸ್ ಎಂಬುವರು. ಇಲ್ಲಿ ಮೊಟ್ಟೆ ಕೈಕೊಟ್ಟಿತು. ಸೊಳ್ಳೆಯ ಅಂಡಾಶಯದಲ್ಲಿ ಹಗ್ಗದಷ್ಟು ದಪ್ಪ ಕಾಣುವ ದೈತ್ಯ ಕ್ರೋಮೋಸೋಮುಗಳಿವೆ, ಮೇಲೆ ಕಪ್ಪು ಬಿಳಿ ಪಟ್ಟೆ. ಕೆಲವು ಸೊಳ್ಳೆಗಳ ಎಕ್ಸ್ ಕ್ರೋಮೋಸೋಮಿನಲ್ಲಿ ಪಟ್ಟೆಗಳು ಒಂದು ಕ್ರಮದಲ್ಲಿವೆ, ಕೆಲವದರಲ್ಲಿ ಅದರ ತುಂಡುಗಳು ತಲೆಕೆಳಗಾಗಿವೆ. ಅದರಲ್ಲೇನು ವಿಶೇಷ, ನಮ್ಮಲ್ಲೂ ಕಪ್ಪು ಕೂದಲು ಕೆಂಚು ಕೂದಲು ಇಲ್ಲವೇ ಅನ್ನಬಹುದು. ವಿಶೇಷ ಇರುವುದು ಇಲ್ಲಿ: ಎರಡೂ ಬಗೆ ಒಟ್ಟಿಗೇ ಸಿಗುವ ಊರಿನಲ್ಲೂ ಅರ್ಧ ಇದು ಅರ್ಧ ಅದು ಇರುವ ಮಿಶ್ರ ಸೊಳ್ಳೆ ಸಿಗುವುದಿಲ್ಲ. ಒಂದೇ ಕೊಟ್ಟಿಗೆಯ ಗೋಡೆಯ ಮೇಲೆ ಪಕ್ಕಪಕ್ಕ ಕೂತಿರುತ್ತವೆ, ನೋಡಲು ಅಕ್ಷರಶಃ ಒಂದೇ, ಆದರೆ ಒಂದರೊಡನೊಂದು ಕೂಡುವುದಿಲ್ಲ. ಅಂದಮೇಲೆ ಎರಡು ಪ್ರಭೇದ. ಎ ಮತ್ತು ಬಿ ಅಂತ ಕರೆದರು. 1983ರಲ್ಲಿ ಸುಬ್ಬರಾವ್ ಅವರ ತಂಡ ಸಿ ಕಂಡಿತು, 1989ರಲ್ಲಿ ಡಿ. ರಾಮೇಶ್ವರದಲ್ಲಿ ಬಿ ಅಂತ ತಿಳಿದಿದ್ದರಲ್ಲೇ 1999ರಲ್ಲಿ ಇ ಹೊರಬಿತ್ತು. ಇವುಗಳಲ್ಲಿ ಬಿ ಬಹುಮಟ್ಟಿಗೆ ನಿರಪಾಯಿ. ದನದ ರಕ್ತವೇ ಅದಕ್ಕೆ ಹೆಚ್ಚು ಪ್ರೀತಿ, ಅದರ ಮೈಯಲ್ಲಿ ಮಲೇರಿಯಾ ಜೀವಾಣು ಸರಿಯಾಗಿ ಬೆಳೆಯುವುದೂ ಇಲ್ಲ. ಉಳಿದವು ರೋಗ ಹರಡುತ್ತವೆ. ಡಿಡಿಟಿಗೆ ಬಗ್ಗುವುದರಲ್ಲೂ ಒಂದೊಂದು ಒಂದೊಂದು ರೀತಿ. ಸೊಳ್ಳೆ ರಾಶಿ ಇದ್ದೂ ಜ್ವರವಿಲ್ಲದ ಊರಿನ ಒಗಟಿಗೆ ಉತ್ತರದ ದೊಡ್ಡ ಪಾಲು ಇದು.

ಇದನ್ನು ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಅಜ್ಜಿಯ ಮನೆಯಲ್ಲಿ ಆ ಇಬ್ಬರು ಉಳಿದರೋ ಅಳಿದರೋ ಅನ್ನುವುದು ಕೊಟ್ಟಿಗೆಯ ಗೋಡೆಯ ಮೇಲೆ ಕೂತದ್ದು ಯಾವುದು ಅನ್ನುವುದರ ಮೇಲೆ ನಿಂತಿತ್ತಲ್ಲ. ನೋಡಿದವರಿಗೆ ಎರಡೂ ಒಂದೇ ಸೊಳ್ಳೆ.

ಸರಿ, ಒಂದಾಗಿದ್ದದ್ದು ಎರಡಾಗುವುದು ಹೇಗೆ? ನನಗೆ ಅರ್ಥವಾದದ್ದು ಬ್ಯಾಂಕಿನ ಭಾಷೆಯಲ್ಲೇ. ಒಂದು ಬ್ಯಾಂಕಿಗೆ ಎರಡು ಶಾಖೆ ಅಂತಿಟ್ಟುಕೊಳ್ಳಿ, ಶುರುವಿನಲ್ಲಿ ಎರಡರಲ್ಲೂ ಒಂದೇ ಲೆಡ್ಜರು, ಒಂದೇ ನಮೂನೆ. ನಡುವೆ ಸಂಪರ್ಕ ಕಡಿದುಹೋಯಿತು. ನದಿ ಬದಲಾಗಿಯೋ, ಬರ ಬಂದೋ, ಒಂದು ಗುಂಪು ಪೇಟೆ ಸೇರಿಯೋ. ಇಲ್ಲಿಯವರು ತಮ್ಮ ಅನುಕೂಲಕ್ಕೆ ಒಂದು ಕಾಲಂ ಬದಲಾಯಿಸಿದರು, ಅಲ್ಲಿಯವರು ಇನ್ನೊಂದನ್ನು. ಎರಡು ಶಾಖೆಯಲ್ಲೂ ದಿನದ ಲೆಕ್ಕ ತಾಳೆಯಾಗುತ್ತಿದೆ, ಯಾರದೂ ತಪ್ಪಿಲ್ಲ. ನೂರು ವರ್ಷ ಕಳೆದು ಇಲ್ಲಿಯ ಅರ್ಧ ಪುಟ, ಅಲ್ಲಿಯ ಅರ್ಧ ಪುಟ ಸೇರಿಸಿ ಒಂದು ಪುಸ್ತಕ ಹೊಲಿದರೆ? ತಾಳೆಯಾಗುವುದಿಲ್ಲ. ಮಿಶ್ರ ಸಂತಾನದಲ್ಲಿ ಆಗುವುದೂ ಇದೇ. ತಂದೆಯ ಕಡೆಯ ಬದಲಾವಣೆಯೂ ತಾಯಿಯ ಕಡೆಯ ಬದಲಾವಣೆಯೂ ತಮ್ಮ ತಮ್ಮ ಮನೆಯಲ್ಲಿ ಸರಿ, ಒಂದೇ ಮೈಯಲ್ಲಿ ಸೇರಿದಾಗ ಜಗಳ. ಈ ಮಾತನ್ನು ದೊಬ್‌ಜಾನ್‌ಸ್ಕಿ ತಮ್ಮ ದೊಡ್ಡ ಪುಸ್ತಕದಲ್ಲಿ ಬರೆದದ್ದು 1937ರಲ್ಲಿ, ಮೈಸೂರೆನ್ಸಿಸ್‌ಗೆ ಹೆಸರು ಬಂದ ಅದೇ ವರ್ಷ.

ಜಗಳದ ಮೊದಲ ಪೆಟ್ಟು ಬೀಳುವುದು ಯಾರಿಗೆ ಅನ್ನುವುದಕ್ಕೂ ಒಂದು ನಿಯಮ ಇದೆ. ಎರಡು ಪ್ರಭೇದಗಳ ಮಿಶ್ರ ಮರಿಗಳಲ್ಲಿ ಒಂದು ಲಿಂಗದವು ಮಾತ್ರ ಸತ್ತರೆ ಅಥವಾ ಬಂಜೆಯಾದರೆ, ಅದು ಎರಡು ಬೇರೆ ಬೇರೆ ಲಿಂಗ ಕ್ರೋಮೋಸೋಮು ಇರುವ ಲಿಂಗವೇ ಆಗಿರುತ್ತದೆ. ಸೊಳ್ಳೆಯಲ್ಲಿ, ಮನುಷ್ಯರಲ್ಲಿ, ಅದು ಗಂಡು. 1922ರಲ್ಲಿ ಇದನ್ನು ಕಂಡುಕೊಂಡವರು ಜೆ.ಬಿ.ಎಸ್. ಹಾಲ್ಡೇನ್. ಕ್ಯುಲಿಸಿಫೇಸಿಸ್ ಎ ಮತ್ತು ಬಿಗಳನ್ನು ಪ್ರಯೋಗಾಲಯದಲ್ಲಿ ಕೂಡಿಸಿದಾಗ, ಒಂದು ಕಡೆಯ ಜೋಡಿಯಲ್ಲಿ ಹುಟ್ಟಿದ ಗಂಡುಗಳು ಬಂಜೆಯಾದದ್ದನ್ನು ಮೈಲ್ಸ್ 1981ರಲ್ಲಿ ವರದಿ ಮಾಡಿದರು. ಹಾಲ್ಡೇನರ ಮಾತು ಭಾರತದ ಕೊಟ್ಟಿಗೆಯ ಸೊಳ್ಳೆಯಲ್ಲೂ ನಿಜವಾಯಿತು. ಆ ಹೊತ್ತಿಗೆ ಅವರಿರಲಿಲ್ಲ. ಇಂಗ್ಲೆಂಡ್ ಬಿಟ್ಟು 1957ರಲ್ಲಿ ಕಲ್ಕತ್ತಾಕ್ಕೆ ಬಂದು, ಭಾರತದ ಪ್ರಜೆಯಾಗಿ, 1964ರ ಡಿಸೆಂಬರ್ 1ರಂದು ಭುವನೇಶ್ವರದಲ್ಲಿ ತೀರಿಕೊಂಡರು. ದೇಹವನ್ನು ಕಾಕಿನಾಡದ ರಂಗರಾಯ ಮೆಡಿಕಲ್ ಕಾಲೇಜಿಗೆ ಬರೆದುಕೊಟ್ಟಿದ್ದರು. ನಾನು ಕಾಕಿನಾಡದಲ್ಲಿ ಎರಡು ವರ್ಷ ಕೆಲಸ ಮಾಡಿದ್ದೆ, ಆ ಕಾಲೇಜಿನ ಮುಂದೆಯೇ ಎಷ್ಟೋ ಸಲ ಇಡ್ಲಿ ತಿಂದಿದ್ದೆ. ಒಳಗೆ ಯಾರು ಬಂದು ಸೇರಿದ್ದರು ಅಂತ ಗೊತ್ತಿದ್ದರೆ ಒಂದು ಕೈಯಾದರೂ ಮುಗಿಯುತ್ತಿದ್ದೆ.

ಒಮ್ಮೆ ಬ್ಯಾಂಕಿನಲ್ಲಿ ಊಟದ ಹೊತ್ತಲ್ಲಿ ಇದನ್ನೆಲ್ಲ ಹೇಳುತ್ತಿದ್ದಾಗ ಒಬ್ಬ ಸಹೋದ್ಯೋಗಿ, "ನೋಡಿ ಸಾರ್, ಅದಕ್ಕೇ ಹಿರಿಯರು ಜಾತಿ ಬಿಟ್ಟು ಮದುವೆ ಬೇಡ ಅಂದಿದ್ದು" ಅಂದರು. ಅನ್ನ ಗಂಟಲಲ್ಲಿ ಸಿಕ್ಕಿಕೊಂಡಿತು. ಇದು ತೀರಾ ತಪ್ಪು. ಇದೇ ಹೈದರಾಬಾದಿನ ಹಬ್ಸಿಗುಡದ ಸಿಸಿಎಂಬಿಯ ವಿಜ್ಞಾನಿಗಳೂ ಸೇರಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಸುಮಾರು 4,200ರಿಂದ 1,900 ವರ್ಷಗಳ ಹಿಂದಿನವರೆಗೆ ಈ ದೇಶದ ಜನ ಧಾರಾಳವಾಗಿ ಬೆರೆತಿದ್ದಾರೆ, ಒಳಗೊಳಗೇ ಮದುವೆ ಗಟ್ಟಿಯಾದದ್ದು ಆಮೇಲೆ. ಅಲ್ಲಿಂದ ಇಲ್ಲಿಗೆ, ತಲೆಮಾರಿಗೆ 25 ವರ್ಷ ಹಿಡಿದರೆ, 76 ತಲೆಮಾರು. ವರ್ಷಕ್ಕೆ ಹದಿನೈದು ತಲೆಮಾರು ಕಾಣುವ ಸೊಳ್ಳೆಗೆ ಇದು ಐದು ವರ್ಷದ ಮಾತು. ಯಾವ ಜಾತಿಯ ಹುಡುಗ ಯಾವ ಜಾತಿಯ ಹುಡುಗಿಯನ್ನು ಮದುವೆಯಾದರೂ ಮಕ್ಕಳು ಆರೋಗ್ಯವಾಗೇ ಹುಟ್ಟುತ್ತವೆ. ಬಿರುಕು ಬಿಡುವುದು ನೆಂಟರ ಮುಖದಲ್ಲಿ ಅಷ್ಟೆ.

ಅದೇ ಲೆಕ್ಕವನ್ನು ಇನ್ನೊಂದು ಕಡೆಗೂ ಹಾಕಿದೆ. ರಾಸ್ ಸೊಳ್ಳೆ ಸೀಳಿದ 1897ರಿಂದ 2025ಕ್ಕೆ 128 ವರ್ಷ. ಸೊಳ್ಳೆಗೆ 1,920 ತಲೆಮಾರು. ಮನುಷ್ಯರ ಲೆಕ್ಕದಲ್ಲಿ 48 ಸಾವಿರ ವರ್ಷ! ನಮ್ಮ ಓವರ್‌ಹೆಡ್ ಟ್ಯಾಂಕಿನಲ್ಲಿ ಹುಟ್ಟುವ ಸ್ಟೀಫೆನ್ಸಿಗೆ ರಾಸ್ ಸಾಹೇಬರು ಶಿಲಾಯುಗದವರು.

ಎರಡಾಗುವುದಕ್ಕೆ ದೂರವಾಗುವುದೊಂದೇ ದಾರಿಯಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಚ್.ಎ. ರಂಗನಾಥ್, ಎನ್.ಬಿ. ರಾಮಚಂದ್ರ ಅವರು 1980ರ ದಶಕದಲ್ಲಿ ಎರಡು ಬಗೆಯ ಹಣ್ಣುನೊಣಗಳನ್ನು ಬೆರೆಸಿದರು. ನಸುಟಾ ಎಂಬುದಕ್ಕೆ 8 ಕ್ರೋಮೋಸೋಮು, ಆಲ್ಬೊಮಿಕಾನ್ಸ್‌ಗೆ 6. ಇವುಗಳ ಮಿಶ್ರ ಸಂತಾನ ಬಂಜೆಯಲ್ಲ. ತಲೆಮಾರಿನಿಂದ ತಲೆಮಾರಿಗೆ ಸಾಕುತ್ತಾ ಹೋದಂತೆ ಎರಡೂ ಕಡೆಯ ಕ್ರೋಮೋಸೋಮುಗಳನ್ನು ತಮ್ಮದೇ ಜೋಡಣೆಯಲ್ಲಿ ಇಟ್ಟುಕೊಂಡ ಹೊಸ ತಳಿಗಳು ಸ್ಥಿರವಾಗಿ ನಿಂತವು. ಅವಕ್ಕೆ ಸೈಟೊರೇಸ್ ಅಂತ ಹೆಸರಿಟ್ಟರು. ಕೆಲವದರಲ್ಲಿ ತಮ್ಮವರನ್ನೇ ಹೆಚ್ಚು ಆರಿಸಿಕೊಳ್ಳುವ ಗುಣವೂ ತಲೆ ಎತ್ತಿತು. ಬಾಟಲಿಯೊಳಗೆ, ಮೇಷ್ಟ್ರುಗಳ ಕಣ್ಣೆದುರಿಗೇ, ಒಂದು ಬೇರ್ಪಡೆಯ ಮೊದಲ ಹೆಜ್ಜೆ.

ಕಣ್ಣೆದುರಿಗೆ ಆಯಿತು ಅಂತ ಹೇಳುವ ಎಲ್ಲ ಕಥೆಗಳೂ ನಿಲ್ಲುವುದಿಲ್ಲ ಅನ್ನುವುದನ್ನೂ ಹೇಳಬೇಕು. ಲಂಡನ್ನಿನ ಸುರಂಗ ರೈಲಿನಲ್ಲಿ ಕಚ್ಚುವ ಸೊಳ್ಳೆ ಅಲ್ಲೇ, ನೂರು ಚಿಲ್ಲರೆ ವರ್ಷದಲ್ಲಿ, ಹೊಸದಾಗಿ ರೂಪುಗೊಂಡಿತು ಅಂತ ಬಹಳ ಕಾಲ ಪಾಠ ಹೇಳುತ್ತಿದ್ದರು. ನಾನೂ ನಂಬಿ ನಾಲ್ಕು ಜನಕ್ಕೆ ಹೇಳಿದ್ದೆ. 2025ರಲ್ಲಿ ನೂರಾರು ಸೊಳ್ಳೆಗಳ ಜೀನೋಮ್ ಓದಿ ನೋಡಿದರೆ ಅದು ಸಾವಿರ ವರ್ಷಕ್ಕೂ ಹಿಂದೆ ಮೆಡಿಟರೇನಿಯನ್ ಅಥವಾ ಮಧ್ಯಪ್ರಾಚ್ಯದ ಕಡೆ, ಬೇಸಾಯದ ಜನರ ನಡುವೆ ರೂಪುಗೊಂಡದ್ದಂತೆ. ಸುರಂಗಕ್ಕೆ ಬಂದದ್ದು ಆಮೇಲೆ.

ನಮ್ಮ ಸ್ಟೀಫೆನ್ಸಿಯದು ಎಲ್ಲಿಗೆ ಬಂದು ನಿಂತಿದೆ? 2022ರಲ್ಲಿ ಬೆಂಗಳೂರಿನ ವಿಜ್ಞಾನಿಗಳು ಅದರ ತಳಿಗಳ ಜೀನೋಮುಗಳನ್ನು ಓದಿ, ಎರಡನೇ ಕ್ರೋಮೋಸೋಮಿನಲ್ಲಿ ತಲೆಕೆಳಗಾದ ಒಂದು ದೊಡ್ಡ ತುಂಡಿನ ವಿವರ ಬಿಡಿಸಿಟ್ಟರು. ಪರಿಸರಕ್ಕೆ ಹೊಂದಿಕೊಳ್ಳುವ ಗುಣದ ಜೊತೆ ತಳಕು ಹಾಕಿಕೊಂಡಿರುವ ತುಂಡು ಅದು. ತಲೆಕೆಳಗಾದ ತುಂಡಿನ ಒಳಗಿನ ಜೀನುಗಳು ನೆಟ್ಟಗಿರುವ ತುಂಡಿನವುಗಳ ಜೊತೆ ಸುಲಭವಾಗಿ ಅದಲುಬದಲಾಗುವುದಿಲ್ಲ. ಹಾಗಾಗಿ ಪೇಟೆ ಬದುಕಿಗೆ ಬೇಕಾದ ಗುಣಗಳು ಒಂದು ಕಟ್ಟಾಗಿ, ಬಿಡಿಹಾಳೆಯಾಗದೆ, ಮುಂದಿನ ತಲೆಮಾರಿಗೆ ದಾಟಬಲ್ಲವು. ಒಂದೇ ಪ್ರಭೇದವೋ ಹಲವೋ ಅನ್ನುವ ಚರ್ಚೆ ತಜ್ಞರಲ್ಲಿ ಮತ್ತೆ ಎದ್ದಿದೆ. ಅಷ್ಟರಲ್ಲಿ ಸೊಳ್ಳೆ ತನ್ನ ಪಾಡಿಗೆ ಹೊರಟೇಬಿಟ್ಟಿದೆ. 2012ರಲ್ಲಿ ಆಫ್ರಿಕಾದ ಜಿಬೂಟಿಯಲ್ಲಿ ಕಾಣಿಸಿತು, 2016ರಲ್ಲಿ ಇಥಿಯೋಪಿಯಾದಲ್ಲಿ. ಆಫ್ರಿಕಾದ ಮಲೇರಿಯಾ ಮುಖ್ಯವಾಗಿ ಹಳ್ಳಿಯದು. ಅಲ್ಲಿಯ ಸೊಳ್ಳೆಗಳಿಗೆ ತೊಟ್ಟಿ, ಟ್ಯಾಂಕಿನ ನೀರು ಅಷ್ಟು ಒಗ್ಗುವುದಿಲ್ಲ. ಸ್ಟೀಫೆನ್ಸಿಗೆ ಅದೇ ತವರುಮನೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ಹೊರಡಿಸಿತು. 2022ರಲ್ಲಿ ಇಥಿಯೋಪಿಯಾದ ದಿರೆ ದಾವಾ ಪಟ್ಟಣದಲ್ಲಿ ಬೇಸಿಗೆಯಲ್ಲೇ ಮಲೇರಿಯಾ ಎದ್ದಾಗ ಬೆರಳು ತೋರಿದ್ದು ಇದರ ಕಡೆಗೇ.

ಕಳೆದ ಮಳೆಗಾಲದಲ್ಲಿ ನಮ್ಮ ಅಪಾರ್ಟ್‌ಮೆಂಟಿಗೆ ಮುನಿಸಿಪಾಲಿಟಿಯ ಸೊಳ್ಳೆ ವಿಭಾಗದ ಹುಡುಗನೊಬ್ಬ ಬಂದಿದ್ದ. ಕೈಯಲ್ಲಿ ಉದ್ದ ಹಿಡಿಯ ಬಿಳೀ ಸೌಟು. ಅವನ ಜೊತೆ ನಾನೂ ತಾರಸಿ ಹತ್ತಿದೆ. ಟ್ಯಾಂಕಿನ ಮುಚ್ಚಳ ಒಡೆದು ಯಾವ ಕಾಲವಾಗಿತ್ತೋ. ಸೌಟಿನಲ್ಲಿ ನೀರು ಮೊಗೆದು ತೋರಿಸಿದ. ಕ್ಯೂಲೆಕ್ಸ್ ಮರಿಗಳಾದರೆ ತಲೆ ಕೆಳಗೆ ಮಾಡಿ ಓರೆಯಾಗಿ ಜೋತುಬೀಳುತ್ತವೆ. ಇವು ನೀರಿನ ಮೇಲ್ಮೈಗೆ ಸಮವಾಗಿ, ಕಡ್ಡಿ ಮಲಗಿಸಿದ ಹಾಗೆ, ಅಡ್ಡಡ್ಡ ಮಲಗಿದ್ದವು. "ಅನಾಫಿಲಿಸ್ ಸಾರ್" ಅಂದ. ಯಾವುದು, ಪೇಟೆಯದೋ ಮೈಸೂರಿನದೋ ಅಂತ ಕೇಳಿದೆ. ಅವನಿಗೆ ನಾನೇನು ಕೇಳುತ್ತಿದ್ದೇನೆ ಅಂತಲೇ ತಿಳಿಯಲಿಲ್ಲ. "ನೀವು ಮೈಸೂರಾ ಸಾರ್?" ಅಂದ. ಮಂಡ್ಯ ಅಂದೆ. ಇಬ್ಬರೂ ಸೇರಿ ಆ ನೀರನ್ನು ತಾರಸಿಯ ಬಿಸಿಲಿಗೆ ಚೆಲ್ಲಿದೆವು. ಮುಚ್ಚಳಕ್ಕೆ ಸೊಸೈಟಿಯಿಂದ ಮಂಜೂರಾತಿ ಬರಲು ಇನ್ನೂ ಮೂರು ವಾರ ಹಿಡಿಯಿತು, ಅಂದರೆ ಸೊಳ್ಳೆಗೆ ಒಂದು ತಲೆಮಾರು.